ಹಿತ್ತಲ ಕೋಣೆಗೊಂದು ಬೀಗ

ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ನಲ್ಲಿಯ ಪೈಪನ್ನು ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದ ಗೋಪೀನಾಥನ ಮೂಗಿಗೆ ಆ ವಾಸನೆ ಬಡಿಯಿತು. ಕಳಿತ ಬಾಳೆಹಣ್ಣಿನ ವಾಸನೆ. ಮನೆಯಲ್ಲಿ ಒಂದು ಹಣ್ಣೂ ಇರಲಿಲ್ಲ. ವಾಸನೆ ಬರುತ್ತಿದ್ದುದು ಹಿತ್ತಲ ಕೋಣೆಯಿಂದ. ಅದರ ಬಾಗಿಲಿಗೆ ಜೋತುಬಿದ್ದ ಬೀಗ ಗೋಪೀನಾಥನದಲ್ಲ. ಕೋಣೆಯೂ ಅವನದಲ್ಲ, ಅವನ ನಿದ್ದೆ ಕೆಟ್ಟಿದ್ದುದೇ ಆ ಕಾರಣಕ್ಕೆ.

ಹೊಸಪೇಟೆಯ ಈ ಮನೆ ಕಂಪ್ಲಿಯಲ್ಲಿರುವ ವಿದ್ಯಾಧೀಶರದು, ಗೋಪೀನಾಥ ಬಾಡಿಗೆಗಿದ್ದವನು. ಹಿತ್ತಲ ಕೋಣೆ ಜೇಡಗಳನ್ನು ಸಾಕಿಕೊಂಡು ಸುಮ್ಮನೆ ಬಿದ್ದಿತ್ತು. ಖಾಲಿ ಜಾಗವಿದ್ದರೆ ಪರರ ಸಾಮಾನು ಇಡಲು ಬಾಡಿಗೆಗೆ ಕೊಡಿ ಎಂದು ಮೊಬೈಲಿನಲ್ಲೊಂದು ಆ್ಯಪ್ ದಿನಾ ಪುಸಲಾಯಿಸುತ್ತಿತ್ತು. ಇವನು ಬಾಗಿಲಿಗೆ ಬಣ್ಣ ಬಳಿದು, ಮನೆಯ ಗುರುತು ಸಿಗದಂತೆ ಬಾಗಿಲೊಂದರದ್ದೇ ಫೋಟೊ ಹಾಕಿದ. ನಿಯಮಗಳನ್ನು ಎಷ್ಟು ಸರಿಸಿದರೂ ಮುಗಿಯದಾಗ ‘ಓದಿ ಒಪ್ಪಿದ್ದೇನೆ’ ಎಂಬ ಚೌಕವನ್ನು ಒತ್ತಿಬಿಟ್ಟ. ಬುಕ್ಕಸಾಗರದ ಕಿರಣ್ ಕುಮಾರ್ ಎಂಬಾತ ಒಪ್ಪಿದ. ‘ಕೃಷಿ ಸಾಮಾನು’ ಎಂದು ಬರೆದು, ಗೋಪೀನಾಥ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿದ್ದಾಗ ಹಿತ್ತಲ ಗೇಟಿನಿಂದ ಏನನ್ನೋ ಒಳಗಿಳಿಸಿ, ತನ್ನದೇ ಬೀಗ ಜಡಿದು ಹೋದ.

ಮೊದಲು ಮಾಲೀಕರನ್ನು ಕೇಳಿ ಎಂದು ಹೆಂಡತಿ ಸುಕನ್ಯಾ ಆಗಲೇ ಹೇಳಿದ್ದಳು. ವಿದ್ಯಾಧೀಶರನ್ನು ಬಾಯಲ್ಲಿ ಕೇಳಿ ಪ್ರಯೋಜನವಿಲ್ಲ. ಸೂರು ಸೋರುತ್ತದೆ ಎಂದು ಫೋನು ಮಾಡಿದರೂ “ಕಾಗದ ಹಾಕ್ರಿ, ನೋಡೋಣಂತ” ಎನ್ನುವ ಆಸಾಮಿ ಅವರು. ಗೋಪೀನಾಥ ಕಾಗದ ಬರೆದ, ಲಕೋಟೆಗೆ ಸ್ಟಾಂಪನ್ನೂ ಅಂಟಿಸಿದ. ಆಗುವುದಿಲ್ಲ ಅಂದುಬಿಟ್ಟರೆ ಎಂಬ ಅಳುಕು ಹುಟ್ಟಿತು. ಅಂದಿನಿಂದ ಲಕೋಟೆ ಕ್ಯಾಲೆಂಡರಿನ ಹಿಂದೆ ಸೇರಿ ಹಲ್ಲಿಗೆ ಹಾಸಿಗೆಯಾಗಿತ್ತು.

ಡ್ರಮ್ಮು ತುಂಬಿ ಹರಿಯುವಾಗ ಫೋನು ಬಂತು. ವಿದ್ಯಾಧೀಶರೇ. ಮಧ್ಯಾಹ್ನ ಹೊಸಪೇಟೆಯಲ್ಲಿ ಒಂದು ಕೆಲಸವಿದೆ, ಹಾಗೆಯೇ ಮನೆಯನ್ನೂ ನೋಡಿ, ಅಗ್ರಿಮೆಂಟು ಹೊಸದು ಮಾಡುವ ಮಾತಾಡಿ ಹೋಗುತ್ತೇನೆ ಎಂದರು. “ಬರ್ರಿ, ಬರ್ರಿ” ಎಂದ ಗೋಪೀನಾಥನ ದನಿ ಪಂಕ್ಚರಾದ ಟ್ಯೂಬಿನಿಂದ ಬಂದಂತಿತ್ತು. ಒಳಬಾಡಿಗೆ ಕೊಟ್ಟರೆ ಅಂದೇ ಮನೆ ಖಾಲಿ ಎಂದು ಹಳೆಯ ಅಗ್ರಿಮೆಂಟಿನಲ್ಲಿ ಇತ್ತು. ಮಗಳ ಶಾಲೆ ಪಕ್ಕದ ಓಣಿಯಲ್ಲಿ. ಇಂಥ ಮನೆ ಕಳೆದುಕೊಂಡು ಎಲ್ಲಿಗೆ ಹೋಗುವುದು?

ಕಿರಣ್ ಕುಮಾರನ ಫೋನು ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಅಷ್ಟರಲ್ಲಿ ವಾಸನೆ ಕಾಂಪೌಂಡು ಹಾರಿತು. ಅದರ ಬೆನ್ನು ಹಿಡಿದು ಪಕ್ಕದ ಮನೆಯ ಇಂದಿರಾಬಾಯಿ ಬಂದರು. ಶಾಲೆಯಿಂದ ನಿವೃತ್ತರಾದರೂ ತಪ್ಪು ಹುಡುಕುವುದರಿಂದ ಆಗಿರಲಿಲ್ಲ. ಸಂಗತಿಯನ್ನೆಲ್ಲ ಕೇಳಿ, ಅವನ ಮೊಬೈಲು ಕಿತ್ತುಕೊಂಡು, ಕನ್ನಡಕ ಏರಿಸಿ ನಿಯಮ ಓದತೊಡಗಿದರು.

“ಕೊಳಿಯೋ ಪದಾರ್ಥ ಇಡಬಾರದು ಅಂತದ. ಇಟ್ಟವರ ಅಪ್ಪಣಿ ಇಲ್ಲದ ಬೀಗ ಮುಟ್ಟಬಾರದು ಅಂತದ. ಜಾಗ ಸ್ವಂತದ್ದಲ್ಲಾಂದ್ರ ಮಾಲೀಕರ ಒಪ್ಪಿಗಿ ಕಾಗದದ ಮ್ಯಾಲೆ ಇರಬೇಕಂತ. ಗೋಪಿ, ನೀ ಇದನ್ನ ಓದಿಲ್ಲೇನೋ?”

“ಒಪ್ಪೀನಿ ಟೀಚರ್. ಓದಿಲ್ಲ.”

ಎದುರು ಮನೆಯ ಸುಂಕಪ್ಪನೂ ಬಂದ. ಸಂಡೂರಿನ ಗಣಿಯಲ್ಲಿ ಬಂಡೆ ಒಡೆದು ಬಂದವನಿಗೆ ಬೀಗವೆಂದರೆ ಶೇಂಗಾಕಾಯಿ. ಬರುವಾಗಲೇ ಸುತ್ತಿಗೆ ತಂದಿದ್ದ.

“ಒಂದೇ ಏಟು ಸರ. ಆಮ್ಯಾಲ ಪೊಲೀಸ್ರು ಬಂದ್ರ ನೀವು ನೋಡ್ಕೋರಿ.”

ಮುಟ್ಟಬಾರದು ಎಂದು ಟೀಚರು, ಒಡೆಯಲೇಬೇಕು ಎಂದು ಸುಂಕಪ್ಪ. ಇವರ ವಾದ ನಡೆದಿರುವಾಗ ಕೋಣೆಯ ತಗಡಿನ ಮೇಲೆ ಧಡ್ ಎಂದಿತು. ಕೋತಿ. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಅಜ್ಜಿ, ಸೊಸೆ, ಕಂಕುಳ ಕೂಸುಗಳೆಲ್ಲ ಸೇರಿ ತಗಡಿನ ಮೇಲೆ ಮದುವೆ ಪಂಕ್ತಿಯ ಹಾಗೆ ಸಾಲಾಗಿ ಕೂತು, ಬಡಿಸುವವರಿಗಾಗಿ ಕಾದವು. ಹೋಗಿ ಆ ಮನುಷ್ಯನನ್ನೇ ಎಳೆದು ತರುವುದು ಎಂದು ಗೋಪೀನಾಥ ಸ್ಕೂಟರು ಹತ್ತಿದ.

ಬುಕ್ಕಸಾಗರದಲ್ಲಿ ಕಿರಣ್ ಕುಮಾರನ ಮನೆಗೆ ಬೀಗ. ಗೋಪೀನಾಥ ಮತ್ತೆ ಫೋನು ಹಚ್ಚಿದ. ಮುಚ್ಚಿದ ಬಾಗಿಲಿನ ಒಳಗೆ ಫೋನು ಇಂಪಾಗಿ ಹಾಡಿತು. ಚಾರ್ಜಿಗೆ ಇಟ್ಟು, ಮರೆತು, ಬೆಳಿಗ್ಗೆಯೇ ಬಳ್ಳಾರಿಗೆ ಹೋದ ಎಂದಳು ಪಕ್ಕದ ಮನೆಯವಳು. ಬೀಗ ಹಾಕಿದ ಬಾಗಿಲುಗಳೆಲ್ಲ ತನ್ನ ಮೇಲೆ ಯಾಕೆ ಹಟಕ್ಕೆ ಬಿದ್ದಿವೆಯೋ ತಿಳಿಯದೆ ಗೋಪೀನಾಥ ಗಾಡಿ ತಿರುಗಿಸಿದ. ದಾರಿಯುದ್ದಕ್ಕೂ ಮನೆಯ ಪಾತ್ರೆಪಗಡ ಲಾರಿ ಏರುತ್ತಿರುವುದೇ ಕಣ್ಣೆದುರು ಬಂತು.

ಮನೆ ಮುಟ್ಟಿದಾಗ ವಿದ್ಯಾಧೀಶರು ಹಿತ್ತಲಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಮೊಬೈಲು, ಮುಖ ತಗಡಿನ ಮೇಲಿನ ಬಳಗದ ಕಡೆಗೆ. ಗೋಪೀನಾಥ ಬಾಯಿ ತೆರೆದ. ತಪ್ಪಾಯಿತು ಅನ್ನಲೇ, ಕಾಫಿ ತಗೊಳ್ರಿ ಅನ್ನಲೇ ಎಂದು ತಿಳಿಯದೆ ಮುಚ್ಚಿದ. ಅವರು ಮೊಬೈಲನ್ನು ಒಮ್ಮೆ, ಬಾಗಿಲನ್ನು ಒಮ್ಮೆ ನೋಡಿದರು. ಜುಬ್ಬಾದ ಜೇಬಿನಿಂದ ಒಂದು ಬೀಗದಕೈ ತೆಗೆದು, ನಂಬಿಕೆಯಿಲ್ಲದವರಂತೆ ಬೀಗಕ್ಕೆ ತೂರಿಸಿದರು.

ಬೀಗ ತೆರೆಯಿತು.

ಒಳಗೆ ನೆಲದಿಂದ ಮಾಡಿನ ತನಕ ಬಾಳೆಗೊನೆ. ಸುಂಕಪ್ಪನ ಕೈಯ ಸುತ್ತಿಗೆ ಅವನ ಕಾಲ ಮೇಲೆಯೇ ಬಿತ್ತು.

“ಬುಕ್ಕಸಾಗರದ ತ್ವಾಟ ನಂದು,” ಎಂದರು ವಿದ್ಯಾಧೀಶರು ನಿಧಾನವಾಗಿ. “ನೋಡಿಕೊಳ್ಳೋಂವ ಕಿರಣ್. ಹಣ್ಣಿಗೆ ಹಾಕಲಿಕ್ಕೆ ಹೊಸಪ್ಯಾಟ್ಯಾಗ ಒಂದು ಜಾಗ ಹಿಡಿ ಅಂದಿದ್ದೆ. ಮೊಬೈಲಿನಾಗ ಹಿಡದೀನಿ ಅಂತ ಬೀಗದಕೈ ಕೊಟ್ಟ, ಲೊಕೇಶನ್ ಕಳಿಸಿದ. ಅದು ನನ್ನ ಮನಿಗೇ ಕರಕೊಂಡು ಬರ್ತದ. ಮ್ಯಾಪ್ ಕೆಟ್ಟದ ಅಂತ ಓಣಿ ಓಣಿ ತಿರುಗಿದೆ.” ಬೀಗದಕೈಯನ್ನು ಜೇಬಿಗಿಳಿಸಿದರು. “ಅಂದ್ರ, ನನ್ನ ಕೋಣಿಗೆ ನಾನೇ ಬಾಡಿಗಿ ಕೊಟ್ಟೀನಿ.”

ಗೋಪೀನಾಥನ ಎದೆಯಲ್ಲಿ ಸಣ್ಣದೊಂದು ಆಸೆ ಚಿಗುರಿತು. ಕೊಳೆಯುವ ಪದಾರ್ಥದ ನಿಯಮ ಅವರೂ ಮುರಿದಿದ್ದಾರಲ್ಲ. ಅದನ್ನು ಓದಿ ಹೇಳುವಂತೆ ಇಂದಿರಾಬಾಯಿಗೆ ಕಣ್ಣುಸನ್ನೆ ಮಾಡಿದ. ಅವರು ಓದಿದರು, ಆದರೆ ರೂಢಿಯಂತೆ ಪಾಠ ಪೂರ್ತಿ ಮಾಡಿಯೇ ನಿಲ್ಲಿಸಿದರು. ಮಾಲೀಕರ ಒಪ್ಪಿಗೆಯಿಲ್ಲದ ಜಾಗವೆಂದು ಸಾಬೀತಾದರೆ, ಕೊಟ್ಟವನು ಪಡೆದವನಿಗೆ ಬಾಡಿಗೆಯನ್ನೆಲ್ಲ ಮರಳಿಸಬೇಕು ಎಂಬುದೂ ಅದರಲ್ಲಿತ್ತು.

ವಿದ್ಯಾಧೀಶರ ಮುಖ ಅರಳಿತು.

“ಒಪ್ಪಿಗಿ ಇಲ್ಲ ಅನ್ನಲಿಕ್ಕೆ ಪುರಾವಿ ಬೇಕಲ್ಲ. ನೀವು ಕೇಳದ ನಾ ಹೆಂಗ ಇಲ್ಲ ಅನ್ಲಿ? ಒಪ್ಪಿಗಿ ಕೊಡ್ರಿ ಅಂತ ಒಂದು ಕಾಗದ ಹಾಕ್ರಿ, ಗೋಪೀನಾಥ. ಆಗೂದಿಲ್ಲ ಅಂತ ನಾ ಬರೀತೀನಿ.”

“ಮನಿ?” ಎಂದ ಗೋಪೀನಾಥ.

“ಮನಿ ಬಿಡ್ರಿ ಅಂತ ಯಾರಂದ್ರು? ಈ ಕೋಣಿ ಇನ್ನ ಮ್ಯಾಲೆ ನನ್ನ ಬಾಳಿಗೊನಿಗೆ ಇರಲಿ. ಕೋತಿ ಕಾಯಲಿಕ್ಕೆ ಇಲ್ಲೊಬ್ರು ಇರಬೇಕಲ್ಲ.”

ಸುಕನ್ಯಾ ಒಳಗೆ ಹೋಗಿ, ಕ್ಯಾಲೆಂಡರಿನ ಹಿಂದಿನ ಲಕೋಟೆ ತಂದು, ಸೆರಗಿನಿಂದ ಧೂಳು ಒರೆಸಿ ಗಂಡನ ಕೈಗಿಟ್ಟಳು. ಅವನು ಅದನ್ನು ಅಲ್ಲೇ ವಿದ್ಯಾಧೀಶರತ್ತ ಚಾಚಿದ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

“ಕೈಯಾಗ ಬ್ಯಾಡ್ರಿ. ಟಪಾಲಿನಾಗ ಬರಲಿ, ಮ್ಯಾಲೆ ಪೋಸ್ಟಿನವರ ಸಿಕ್ಕಾ ಬಿದ್ದಿರಬೇಕು.”

ಗೋಪೀನಾಥ ಓಣಿಯ ತುದಿಯ ಕೆಂಪು ಡಬ್ಬಿಯ ತನಕ ನಡೆದ. ಅವನ ಕೈಯಲ್ಲಿರುವುದು ತಿನ್ನುವ ವಸ್ತುವೇ ಇರಬೇಕೆಂದು ಮರಿ ಕೋತಿಯೊಂದು ಬೆನ್ನಟ್ಟಿ ಬಂತು. ಲಕೋಟೆಯನ್ನು ಡಬ್ಬಿಯ ಬಾಯಿಗಿಟ್ಟು, ಕೊನೆಯ ಸಲ ಅಳುಕಿ, ಕೈಬಿಟ್ಟ. ಅದು ತಳಕ್ಕೆ ಬಿದ್ದ ಸದ್ದು ಕೇಳಿಸಿತು.