ಬೀಗರ ಕುರಿಗೆ ಬಣ್ಣದ ಆ್ಯಪು

ಒಂದು ಕಡೆ ಕಾಲು ನಿಲ್ಲದ ನನ್ನಂಥೋನ ಹತ್ತಿರಕ್ಕೇ ಜನ ಯಾಕೋ ನಿಲ್ಲದ ಜಗಳಗಳನ್ನು ತಂದು ಒಪ್ಪಿಸುತ್ತಾರೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟೆ. ಕೊರಟಗೆರೆಯಲ್ಲಿ ಹೋಟೆಲ್ ಸಪ್ಲೈಯರ್ ಆದೆ, ಶಿರಾದಲ್ಲಿ ಬೋರ್‌ವೆಲ್ ಲಾರಿ ಹತ್ತಿದೆ, ರಾಯಚರ್ಲು ಕಡೆ ಸೋಲಾರ್ ಪ್ಲೇಟ್ ತೊಳೆದೆ. ಆಮೇಲೆ ವಿಡಿಯೋ ನೋಡಿಕೊಂಡೇ ಫೋನಿಗೆ ಆ್ಯಪ್ ಮಾಡೋದು ಕಲಿತೆ. ಸುದ್ದಿ ಹಬ್ಬಿದ್ದೇ ತಡ, ಐ.ಡಿ.ಹಳ್ಳಿ ಕಡೆಯ ನಮ್ಮ ದೊಡ್ಡಪ್ಪ ಕರೆಸಿದ.

ದೊಡ್ಡಪ್ಪನ ಮಗಳನ್ನು, ಅಂದ್ರೆ ನಮ್ಮ ಅಕ್ಕನನ್ನು, ಪಾವಗಡದ ಕಡೆ ಕೊಟ್ಟಿತ್ತು. ದೊಡ್ಡಪ್ಪನ ಕುರಿ, ಅವಳ ಮಾವನ ಕುರಿ ಜೊತೆಯಲ್ಲೇ ಮೇಯುತ್ತಿದ್ದವು. ದೊಡ್ಡಪ್ಪನವಕ್ಕೆ ಬೆನ್ನ ಮೇಲೆ ಕೆಂಪು ಗುರುತು, ಬೀಗರವಕ್ಕೆ ನೀಲಿ. ಮಳೆಗೆ ಬಣ್ಣ ಮಾಸಿತು. ಮಾಸಿದ್ದೆಲ್ಲ ದೊಡ್ಡಪ್ಪನ ಕಣ್ಣಿಗೆ ಕೆಂಪು, ಬೀಗರ ಕಣ್ಣಿಗೆ ನೀಲಿ. "ಕುರಿ ತೀರ್ಮಾನ ಆಗೋಗಂಟ ಸೊಸೇನ ಕಳಿಸಲ್ಲ" ಅಂತ ಬೀಗರು ಕೂತುಬಿಟ್ಟರು. ಅಕ್ಕನೋ ಚೊಚ್ಚಲ ಬಸುರಿ, ತವರಿಗೆ ಹೋಗೋ ತಿಂಗಳು.

"ಫೋನಿಗಾದ್ರೂ ಕಣ್ಣು ನೆಟ್ಟಗಿರ್ತದೆ, ಏನಾರ ಮಾಡ್ಲಾ" ಅಂದ ದೊಡ್ಡಪ್ಪ.

ಮಾಯವಾದ ಮಂದೆ

ಕಂಪ್ಯೂಟರಿನಲ್ಲಿ ಬಣ್ಣಕ್ಕೆ ಆರಕ್ಷರದ ಕೋಡ್. ಮೊದಲೆರಡು ಕೆಂಪಿಗೆ, ನಡುವಿನೆರಡು ಹಸಿರಿಗೆ, ಕೊನೆಯೆರಡು ನೀಲಿಗೆ. ಕ್ಯಾಮೆರಾ ಕುರಿಯ ಬೆನ್ನು ನೋಡಿ ಕೋಡ್ ಕೊಡುತ್ತೆ. ಅದನ್ನು ಬಣ್ಣವಾಗಿ ಮಾಡಿ, ಮಾಲೀಕರ ಹೆಸರಿನ ಕೆಳಗೆ ಕುರಿಗೊಂದು ಚುಕ್ಕಿ ಇಡೋದು ನನ್ನ ಆ್ಯಪಿನ ಕೆಲಸ. ಬಣ್ಣ ಎಷ್ಟು ಗಟ್ಟಿ ಅಂತ ಹೇಳೋ ಇನ್ನೆರಡು ಅಕ್ಷರ ಕೋಡಿನ ಮುಂದೆ ಸೇರಿಸಬೇಕಿತ್ತು. ಮರೆತೆ. ಚುಕ್ಕಿಗಳು ಗಾಜಿನಂಗೆ ಆಗಿ, ಇದ್ದರೂ ಕಾಣಲಿಲ್ಲ.

ದೊಡ್ಡಪ್ಪ ಖಾಲಿ ಪರದೆ ನೋಡಿ ಎದೆ ಬಡಿದುಕೊಂಡ. "ನಾನು ಹೇಳಿರ್ಲಿಲ್ವಾ? ಆ ಬೀಗ ಒಂದೂ ಬಿಡದಂಗೆ ಮಾರ್ಕೊಂಬುಟ್ಟವ್ನೆ! ಫೋನೇ ಸಾಕ್ಷಿ ಕಣ್ಲಾ!"

ಕುರಿಗಳು ಅವನ ಬೆನ್ನ ಹಿಂದೆಯೇ ಅರಚುತ್ತಿದ್ದವು.

ಯಂತ್ರ ಸುಳ್ಳು ಹೇಳಲ್ಲ

ಅದನ್ನು ಸರಿಮಾಡಿದೆ. ಅವಸರದಲ್ಲಿ ಕೋಡನ್ನು ಬಾಲದಿಂದ ಓದಿಸಿಬಿಟ್ಟೆ. ಕೆಂಪೆಲ್ಲ ನೀಲಿಯಾಯಿತು, ನೀಲಿಯೆಲ್ಲ ಕೆಂಪಾಯಿತು. ದೊಡ್ಡಪ್ಪನ ದೊಡ್ಡ ಮಂದೆ ಪೂರಾ ಬೀಗರ ಹೆಸರಿಗೆ ಹೋಯಿತು.

ಅಲ್ಲಿಯವರೆಗೆ ನನಗೆ ನೀರೂ ಕೊಡದ ಬೀಗರು, "ಏಮಯ್ಯಾ, ನಿಂತೇ ಇದ್ದೀಯಲ್ಲ? ಯಂತ್ರ ಸುಳ್ಳು ಹೇಳಲ್ಲ ನಾಯ್ನಾ. ಲೇ, ಹುಡುಗನಿಗೆ ಕೋಳಿ ಕೊಯ್ರೋ!" ಅಂದರು.

ತಪ್ಪಾಗಿದೆ ಅಂತ ನಾನು ಹೇಳಿದ್ದು ಊಟ ಆದಮೇಲೆ.

ಕೊನೇ ಪರೀಕ್ಷೆ

ಈ ಸಲ ಆ್ಯಪ್ ಪಕ್ಕಾ ಆಗಿತ್ತು. ಇಬ್ಬರೂ ಒಪ್ಪಿ, ಬೀಗರ ಹಟ್ಟಿ ಮುಂದೆ ಕುರಿ ಕೂಡಿಹಾಕಿದರು. ಅಕ್ಕ ಬಟ್ಟೆ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಳು. ಮೊದಲ ಕುರಿಗೆ ಫೋನ್ ಹಿಡಿದೆ. ನೇರಳೆ. ಎರಡನೆಯದು ನೇರಳೆ. ಎಲ್ಲವೂ ನೇರಳೆ!

"ಮತ್ತೆ ಕೆಡಿಸ್ದ ನೋಡು" ಅಂದ ದೊಡ್ಡಪ್ಪ. ಕೆಟ್ಟಿರಲಿಲ್ಲ. ಕುರಿಗಳೇ ನೇರಳೆ ಆಗಿದ್ದವು. ಯಾವುದಕ್ಕೂ ಇರಲಿ ಅಂತ ಬೀಗರು ಹಿಂದಿನ ಸಂಜೆ ಅಷ್ಟಕ್ಕೂ ನೀಲಿ ಬಳಿದಿದ್ದರು. ಅದು ಒಣಗೋ ಮೊದಲೇ ದೊಡ್ಡಪ್ಪ ರಾತ್ರಿ ಕದ್ದು ಬಂದು ಅಷ್ಟಕ್ಕೂ ಕೆಂಪು ಬಳಿದಿದ್ದ. ಇಬ್ಬರೂ ಬಣ್ಣ ಮೆತ್ತಿದ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಅಕ್ಕ ಹೊಟ್ಟೆ ಮೇಲೆ ಕೈಯಿಟ್ಟಳು. "ಕೆಂಪು ನಮ್ಮಪ್ಪಂದು, ನೀಲಿ ನಮ್ಮ ಮಾವಂದು. ಎರಡೂ ಸೇರಿರೋದು ಇಲ್ಲೈತೆ. ಮಂದೆ ಇದರದ್ದೇ. ಇದು ಎಲ್ಲಿ ಹುಟ್ತದೋ ಅಲ್ಲಿಗೆ ಹೊಡೀರಿ."

ಬೀಗರು ತಲೆ ಕೆರೆದುಕೊಂಡು, ತಾವೇ ಆಟೋ ಕರೆಸಿ ಸೊಸೆಯನ್ನು ಹತ್ತಿಸಿದರು. ನಾನು ಫೋನ್ ತೆಗೆದು, "ನೇರಳೆ ಬಣ್ಣದ ಮಾಲೀಕರ ಹೆಸರೇನಂತ ಹಾಕ್ಲಿ?" ಅಂದೆ.

ಇಬ್ಬರೂ ಒಟ್ಟಿಗೆ ತಂತಮ್ಮ ಹೆಸರು ಹೇಳಿದರು.

"ಹುಟ್ಟೋದು ಹೆಣ್ಣಾದ್ರೆ?" ಅಂದಳು ಅಕ್ಕ.

ಇಬ್ಬರೂ ಒಟ್ಟಿಗೆ ತಂತಮ್ಮ ಅವ್ವಂದಿರ ಹೆಸರು ಹೇಳಿದರು.

ಅಕ್ಕ ಆಟೋದವನ ಬೆನ್ನು ತಟ್ಟಿ, "ನಡಿಯಪ್ಪ ನೀನು, ಹೆರಿಗೆಯಾದ್ರೂ ಇವರದು ಮುಗಿಯಾಕಿಲ್ಲ" ಅಂದಳು.