ಎರಡನೇ ಲೈನಿನ ಇನ್ನೊಂದು ತುದಿ

ಸಣ್ಣ ಊರಿನಲ್ಲಿ ಇಂಟರ್ನೆಟ್ ಮಾರುವವರಿಗೆ ನಗೆಪಾಟಲಾಗಲು ವಿಶೇಷ ಪ್ರಯತ್ನವೇನೂ ಬೇಕಿಲ್ಲ. ರಸ್ತೆ ಬದಿಯಲ್ಲಿ ಒಂದು ಜೆಸಿಬಿ ಇದ್ದರೆ ಸಾಕು.

ವಾಯಿದೆ

ನಾನು ಪುತ್ತೂರಿನ ಪುಟ್ಟ ನೆಟ್ ಕಂಪನಿಯೊಂದರಲ್ಲಿ ಇಂಜಿನಿಯರ್. ನಮಗೆ ಮಂಗಳೂರಿನಿಂದ ಒಂದೇ ಕೇಬಲ್. ಉಪ್ಪಿನಂಗಡಿಯಲ್ಲಿ ಯಾರು ನೆಲ ಅಗೆದರೂ ಅದು ತುಂಡು. ಒಮ್ಮೆ ಕಾಣಿಯೂರಿನ ಗಿರಾಕಿಗಳ ಪರವಾಗಿ ಒಬ್ಬ ಕೃಷಿಕರು ಆಫೀಸಿಗೇ ಬಂದರು.

“ಇನ್ನೊಂದು ಸಲ ನೆಟ್ ಹೋದರೆ ನಾವು ಅಷ್ಟೂ ಮನೆಯವರು ಸುಳ್ಯದ ನೆಟ್ ಕಂಪನಿಯವನ ಕನೆಕ್ಷನ್ ತೆಗೊಳ್ಳುದು.”

ಕಾಣಿಯೂರಿನ ಗಿರಾಕಿಗಳು ಹೋದರೆ ಕಂಪನಿಯಲ್ಲಿ ಉಳಿಯುವುದು ಬೋರ್ಡು ಮಾತ್ರ. ಕಂಪನಿಯ ಧಣಿ ಗಾಬರಿಯಾದರು. “ಇನ್ನು ಹೋಗುದಿಲ್ಲ ಮಾರಾಯ್ರೆ, ಎರಡನೇ ಲೈನ್ ತರ್ತೇವೆ.”

“ಹಾಗಾದರೆ ಇನ್ನು ಬೈಲಿಕ್ಕೆ ಎರಡು ಕಡೆಗೆ ಫೋನ್ ಮಾಡ್ಬೇಕಾ?” ಎಂದರು ಕೃಷಿಕರು.

ಸ್ಟೆಪ್ನಿ

ದೊಡ್ಡ ಕಂಪನಿಯವರು ಬೇರೆ ದಾರಿಯ ಲೈನಿಗೆ ಹೇಳಿದ ರೇಟು ಕೇಳಿ ಧಣಿ ಫ್ಯಾನ್ ಜೋರು ಮಾಡಿದರು.

“ಮೊದಲನೆಯದು ಸರಿ ಇರುವಾಗ ಇದು ಎಂತ ಮಾಡುದು?”

“ಸುಮ್ಮನೆ ಇರುತ್ತದೆ. ಕಾರಿನ ಸ್ಟೆಪ್ನಿಯ ಹಾಗೆ.”

“ಸ್ಟೆಪ್ನಿಗೆ ತಿಂಗಳ ಬಾಡಿಗೆ ಇಲ್ಲ.”

ಅಳಿಯ

ಎರಡು ಲೈನ್ ಬೇಕಾದರೆ ಸ್ವಂತ ಇಂಟರ್ನೆಟ್ ವಿಳಾಸಗಳೂ ಬೇಕು ಎಂದೆ. ಅದಕ್ಕೂ ವರ್ಷ ವರ್ಷ ಕಟ್ಟಬೇಕು. ಆಗ ನಮ್ಮಲ್ಲಿಗೆ ಎರಡು ದಾರಿ ಉಂಟೆಂದು ಜಗತ್ತಿಗೆ ಸಾರಬಹುದು.

“ಆಮೇಲೆ ನೆಟ್ ನಾವು ಹೇಳಿದ ದಾರಿಯಲ್ಲೇ ಬರ್ತದಾ?”

“ಇಲ್ಲ. ಯಾವ ದಾರಿಯಲ್ಲಿ ಬರುವುದೆಂಬುದು ಆ ಕಡೆಯಿಂದ ಕಳಿಸುವವರ ಇಷ್ಟ.”

“ಖರ್ಚು ನಮ್ಮದು, ಇಷ್ಟ ಅವರದ್ದು. ನನ್ನ ಅಳಿಯನ ಹಾಗೆ.”

ಆದರೂ ವಿಳಾಸ ಕೊಂಡರು. ಕೆಲವೇ ದಿನಗಳಲ್ಲಿ ಎರಡನೇ ಲೈನೂ ಬಂತು. ಎಲ್ಲಿಂದ ಎಂದು ಕೇಳಿದರೆ “ಸುಳ್ಯದ ಕಡೆಯಿಂದ. ನಿಮಗೆ ದಾರಿ ಬೇರೆ ಇದ್ದರೆ ಸಾಕಲ್ಲ?” ಎಂದರು. ರೇಟು ಹೇಳಲಿಲ್ಲ. ಮುಖದಲ್ಲಿ ಮಾತ್ರ ಕಳೆ ಇತ್ತು.

ಹೊಂಡ

ಉಪ್ಪಿನಂಗಡಿಯಲ್ಲಿ ಮತ್ತೆ ಜೆಸಿಬಿ ಇಳಿಯಿತು. ಕೇಬಲ್ ತುಂಡಾಯಿತು. ನಮ್ಮ ಯಂತ್ರ ತಾನಾಗಿಯೇ ಎರಡನೇ ಲೈನಿಗೆ ಹೊರಳಿತು. ಹಸಿರು ದೀಪ ಉರಿಯಿತು. ನೆಟ್ ಮಾತ್ರ ಇಲ್ಲ. ಹುಡುಕಿದರೆ, ನಾವು ಸುಳ್ಯಕ್ಕೆ ಕಳಿಸಿದ್ದೆಲ್ಲ ಅಲ್ಲಿಂದ ನೇರ ಪುತ್ತೂರಿಗೇ ವಾಪಸ್ ಬರುತ್ತಿದೆ. ಸುಳ್ಯದವನಿಗೆ ಫೋನ್ ಮಾಡಿದೆ.

“ನಮ್ಮ ಮೇನ್ ಲೈನೂ ಅದೇ ಹೊಂಡದಲ್ಲಿ ಉಂಟಲ್ಲ ಮಾರಾಯ್ರೆ, ಅದೂ ತುಂಡಾಯ್ತು. ಈಗ ಬ್ಯಾಕಪ್‌ನಲ್ಲಿ ಓಡುದು.”

“ಬ್ಯಾಕಪ್ ಯಾರದ್ದು?”

“ನಿಮ್ಮದೇ! ನಿಮ್ಮ ಧಣಿ ಹೇಳ್ಲಿಲ್ವಾ? ನಾವು ಅವರಿಗೆ ಕೊಡುದು, ಅವರು ನಮಗೆ ಕೊಡುದು. ದುಡ್ಡಿಲ್ಲ.”

ಎರಡು ಮನೆಯವರು ಖಾಲಿ ಪಾತ್ರೆ ಹಿಡಿದುಕೊಂಡು ಪರಸ್ಪರ ಸಕ್ಕರೆ ಸಾಲ ಕೇಳಿದಂತಾಗಿತ್ತು.

ಮಧ್ಯಾಹ್ನ ಕಾಣಿಯೂರಿನ ಅದೇ ಕೃಷಿಕರು ಹಾಜರು. ಧಣಿ ಎದ್ದು ನಿಂತರು.

“ಮಾತೆಂದರೆ ಮಾತು. ಸುಳ್ಯದವನಿಗೆ ಫೋನ್ ಮಾಡಿದೆ,” ಎಂದರು ಕೃಷಿಕರು.

“ಎಂತ ಹೇಳಿದ?”

“ಅವನಲ್ಲಿಯೂ ಇಲ್ಲವಂತೆ. ಪುತ್ತೂರಿಂದ ಬರ್ಬೇಕಂತೆ. ನಿಮ್ಮನ್ನು ಬಿಡ್ಲಿಕ್ಕೂ ನಿಮ್ಮದೇ ನೆಟ್ ಬೇಕಾ ಮಾರಾಯ್ರೆ?”

ಬೇರೆ ಗತಿಯಿಲ್ಲದೆ ಕಾಣಿಯೂರಿನವರು ನಮ್ಮಲ್ಲೇ ಉಳಿದರು. ಧಣಿ ನನ್ನ ಕಡೆ ತಿರುಗಿ ಹೇಳಿದರು:

“ನೋಡಿದಿರಾ? ಎರಡನೇ ಲೈನ್ ಕೆಲಸ ಮಾಡಿತು. ಒಂದು ಮನೆಯೂ ಹೋಗಲಿಲ್ಲ.”