ಕಲ್ಲುಬಾಯಿಗೆ ಕರಿಕಲ್ಲು

ಪುರಾಣಿಕನ ಕೇಡಿಗೆಲ್ಲ ಕಾರಣ 'ಸದ್ಯಕ್ಕೆ' ಎಂಬ ಒಂದು ಮಾತು.

ಅವನು ಕೆಲಸ ಮಾಡುತ್ತಿದ್ದ ವಿಡಿಯೋ ಗೇಮ್ ಕಂಪನಿಯಲ್ಲಿ ಎಲ್ಲವೂ ಸದ್ಯಕ್ಕೆ. ಸದ್ಯಕ್ಕೆ ಒಂದು ಬೂದು ಡಬ್ಬ ಇಟ್ಟಿರು, ಆಮೇಲೆ ಅರಮನೆ ಮಾಡೋಣ. ಸದ್ಯಕ್ಕೆ ಕುದುರೆಗೆ ನಾಯಿ ಕಾಲು ಹಾಕಿರು, ಆಮೇಲೆ ಬದಲಾಯಿಸೋಣ. ಈ 'ಆಮೇಲೆ' ಎಂಬಾತ ಮಾತ್ರ ಆ ಕಟ್ಟಡದ ಮೇಲಿನ ಮಹಡಿಗೆ ಒಂದು ದಿನವೂ ಹತ್ತಿ ಬಂದವನಲ್ಲ. ಬರುವುದಾದರೂ ಹೇಗೆ, ಲಿಫ್ಟ್ ಕೂಡ ಸದ್ಯಕ್ಕೆ ಕೆಟ್ಟಿತ್ತು.

ಕಂಪನಿಯ ಆಟದ ಹೆಸರು 'ಬೂದಿಲೋಕ'. ಆ ಲೋಕ ಹುಟ್ಟಿದ್ದು ಹೇಗೆ, ದೇವರುಗಳು ಯಾರು, ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂದೆಲ್ಲ ಬರೆಯುವುದು ನಮ್ಮವನ ಕೆಲಸ. ಆದ್ದರಿಂದಲೇ ಪುರಾಣಿಕ. ಬರೆದದ್ದಕ್ಕೆ ದನಿ ಕೊಡುವ ಹೊತ್ತು ಬಂದಾಗ ಯಜಮಾನರು, "ಸದ್ಯಕ್ಕೆ ನೀನೇ ಮಾತಾಡಿ ತುಂಬಿಸಿಬಿಡಪ್ಪ. ಆಮೇಲೆ ನಟರನ್ನ ಕರೆಸೋಣ" ಅಂದರು. ಪುರಾಣಿಕನಿಗೆ ಕಾಲೇಜಿನಿಂದಲೂ ಮಿಮಿಕ್ರಿಯ ಚಟ. ಕೋಣೆಯ ಬಾಗಿಲು ಹಾಕಿಕೊಂಡು, ನಟರು ಬರುವ ತನಕ ತಾನೇ ಅಂದುಕೊಂಡು, ನಾಲ್ವರು ದೇವತೆಗಳಿಗೆ ಆಫೀಸಿನ ನಾಲ್ವರ ದನಿ ತೊಡಿಸಿಬಿಟ್ಟ. ನಟರು ಬರಲಿಲ್ಲ. ಆಟ ಮಾತ್ರ ಜಗತ್ತಿಗೆಲ್ಲ ಹೋಯಿತು.

ಬೂದಿಲೋಕದ ಸೃಷ್ಟಿ ಶುರುವಾಗುವುದು ಹೀಗೆ: 'ಮೊದಲು ಬೂದಿ ಇತ್ತು. ಏನು ಸುಟ್ಟು ಬೂದಿಯಾಯಿತೆಂದು ಕೇಳಬೇಡಿ.' ಊಟದ ಹೊತ್ತಾಗಿತ್ತೆಂದು ಪುರಾಣಿಕ ಅಷ್ಟಕ್ಕೇ ನಿಲ್ಲಿಸಿದ್ದ. ಆಟಗಾರರು ಅದನ್ನು ಮಹಾವಾಕ್ಯವೆಂದು ಹಿಡಿದುಕೊಂಡು, ಕೇಳುವವರು ಮತ್ತು ಕೇಳದವರು ಎಂದು ಎರಡು ಪಂಗಡವಾಗಿ, ಒಬ್ಬರ ಮುಖ ಒಬ್ಬರು ನೋಡದ ಮಟ್ಟಕ್ಕೆ ಬಂದಿದ್ದರು.

ಬೂದಿಯಿಂದ ಎದ್ದ ಮೊದಲ ದೇವರು ಮಿತಾಧಿಪ. ಹುಟ್ಟಲು ಬಂದ ಪ್ರತಿ ಜೀವವನ್ನೂ ಬಾಗಿಲಲ್ಲಿ ನಿಲ್ಲಿಸಿ "ಇದು ಬೇಕೇ ಬೇಕಾ?" ಎಂದು ಕೇಳುವವನು. ಇಡೀ ಜಗತ್ತು ಈ ಪ್ರಶ್ನೆಯ ಆಳಕ್ಕೆ ತಲೆದೂಗಿತ್ತು. ಅದು ಯಾರಾದರೂ ಹೊಸ ಕೀಬೋರ್ಡ್ ಕೇಳಿದಾಗ ಲೆಕ್ಕದ ಮಾಮ ಕನ್ನಡಕದ ಮೇಲಿಂದ ಕೇಳುವ ಪ್ರಶ್ನೆ. ಎರಡನೆಯವಳು ರೂಪಿಣಿ. "ಅಯ್ಯೋ, ಮತ್ತೆ ಅಳಿಸ್ಬೇಕಾ?" ಎಂದು ಅವಳು ನಿಟ್ಟುಸಿರಿಟ್ಟಾಗಲೆಲ್ಲ ಒಂದು ಜೀವಕುಲ ನಿರ್ನಾಮ. ಆ ನಿಟ್ಟುಸಿರು ಚಿತ್ರ ಬರೆಯುವ ಅಕ್ಕನದು. ಮೂರನೆಯವಳು ಛಿದ್ರಾಕ್ಷಿ, ಲೋಕದ ಗೋಡೆಗೋಡೆಗೂ ಹಣೆ ಚಚ್ಚಿ "ಇಲ್ಲೂ ಬಿರುಕು" ಅನ್ನುವವಳು. ಆಟದಲ್ಲಿ ತಪ್ಪು ಹುಡುಕುವುದೇ ಕೆಲಸವಾದ, ಬೆನ್ನ ಹಿಂದೆ ಎಲ್ಲರೂ ಬಿರುಕಮ್ಮ ಅನ್ನುವ ಹೆಂಗಸಿನ ದನಿ ಅವಳಿಗೆ, ಮೂಗಿನ ನೆಗಡಿ ಸಮೇತ. ಕೊನೆಯವನು ಸಾವಿನ ದೇವರು. "ಯಾರೂ ಉಸಿರಾಡ್ಬೇಡಿ" ಎಂದು ಪಿಸುಗುಟ್ಟುತ್ತಾನೆ, ಯಾರೂ ಉಸಿರಾಡುವುದಿಲ್ಲ. ರೆಕಾರ್ಡಿಂಗ್ ಕೋಣೆಯ ಶಬ್ದದವನು ದಿನವೂ ಹೇಳುವ ಮಾತು ಅದು. ಪುರಾಣಿಕ ಹಿಂದೆ ಒಂದಿಷ್ಟು ಗಾಳಿಯ ಸದ್ದು ಸೇರಿಸಿದ್ದ, ಅಷ್ಟೇ.

ಆ ದಿನ ಬೆಳಿಗ್ಗೆ ಪುರಾಣಿಕ ಮೆಟ್ಟಿಲು ಹತ್ತಿದ್ದು ತನ್ನ ಹೆಣಕ್ಕೆ ತಾನೇ ಹೆಗಲು ಕೊಟ್ಟವನ ಹಾಗೆ. ಹಿಂದಿನ ದಿನ ಯಜಮಾನರು ಎಲ್ಲರನ್ನೂ ನಿಲ್ಲಿಸಿ, "ನೋಡಿ, ನಾನು ನೇರವಾಗಿ ಹೇಳೋನು. ನಾವೆಲ್ಲ ಒಂದೇ ಕುಟುಂಬ. ನಾಳೆ ಸಂಜೆಗೆ ಕುಟುಂಬದಲ್ಲಿ ಒಬ್ಬರು ಕಮ್ಮಿ ಆಗ್ತಾರೆ" ಎಂದು ಎದೆ ಮುಟ್ಟಿಕೊಂಡಿದ್ದರು. ಆಮೇಲೆ ಲೆಕ್ಕದ ಮಾಮ ಕೈತೊಳೆಯುವ ಜಾಗದಲ್ಲಿ ಕಿವಿಗೆ ಬಾಯಿಟ್ಟು ಉಸುರಿದ್ದರು: "ನಿನ್ನನ್ನೇ ಕಣೋ. ಕತೆ ಬರೆದಾಯ್ತಲ್ಲ, ಇನ್ನು ಕತೆಗಾರ ಯಾಕೆ ಅಂತಿದ್ರು."

ಪುರಾಣಿಕ ಈ ಕೆಲಸಕ್ಕೆ ಮುಂಚೆ ಬಹಳ ಕಾಲ ಮನೆಯಲ್ಲೇ ಕೂತಿದ್ದವನು. ಮನೆಯಲ್ಲಿ ಮಾವನವರಿದ್ದಾರೆ. ಅಳಿಯ ಸೋಫಾದಲ್ಲಿ ಕೂತರೆ ಅವರು ಒಂದು ಮಾತೂ ಆಡುವುದಿಲ್ಲ, ಎದ್ದು ಸ್ವಲ್ಪ ಸರಿದು ಕೂರುತ್ತಾರೆ. ಆ ಸರಿಯುವಿಕೆಯನ್ನು ಇನ್ನೊಮ್ಮೆ ನೋಡುವುದಕ್ಕಿಂತ ಬೂದಿಲೋಕಕ್ಕೇ ಹೋಗಿ ನೆಲೆಸುವುದು ವಾಸಿ ಅನಿಸಿತ್ತು ಅವನಿಗೆ.

ಬಾಗಿಲು ತೆರೆದರೆ ಆಫೀಸೆಲ್ಲ ಒಂದೇ ಪರದೆಯ ಮುಂದೆ ನೆರೆದಿತ್ತು. ಅದರಲ್ಲಿ ಬೂದಿಬಾಬಾ ಎಂಬ ಅಡ್ಡಹೆಸರಿನ ಇಂಟರ್ನೆಟ್ ವ್ಯಾಖ್ಯಾನಕಾರನೊಬ್ಬ, ಬೂದುಬಣ್ಣದ ಟೊಪ್ಪಿಗೆಯೊಳಗೆ ಮುಖ ಹುದುಗಿಸಿಕೊಂಡು, ನಾಲ್ಕು ದೇವತೆಗಳ ಮಾತನ್ನು ಒಂದೊಂದಾಗಿ ಕೇಳಿಸಿ ಅರ್ಥ ಬಿಡಿಸುತ್ತಿದ್ದ. ಆಟ ಮಾಡಿದವರು ಆಟ ಆಡುವುದಿಲ್ಲ, ಹೋಟೆಲಿನವರು ಮನೆಯಿಂದ ಊಟ ತರುವ ಹಾಗೆ. ಆದ್ದರಿಂದ ಆಫೀಸಿನವರು ಈ ದನಿಗಳನ್ನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

"ಲೇ ಪುರಾಣಿಕ," ಎಂದರು ಲೆಕ್ಕದ ಮಾಮ, "ಈ ಜಿಪುಣ ದೇವರು ನಾನಾ?"

"ಛೆ ಛೆ, ಅದು ಅಸ್ತಿತ್ವದ ಸಂಕೇತ ಮಾಮ..."

"ನನ್ನ ಗಂಟಲಲ್ಲಿ ಯಾಕೋ ಬಂತು ನಿನ್ನ ಅಸ್ತಿತ್ವ?"

"ನನ್ನ ನೆಗಡಿನೂ ಸಂಕೇತಾನಾ ಪುರಾಣಿಕ್ರೇ?" ಎಂದಳು ಬಿರುಕಮ್ಮ, ಮೂಗು ಒರೆಸುತ್ತ.

ಚಿತ್ರದ ಅಕ್ಕ ಬೈಯಲಿಲ್ಲ. ನಿಟ್ಟುಸಿರಿಟ್ಟಳು. ಪರದೆಯ ಮೇಲೆ ರೂಪಿಣಿಯೂ ಅದೇ ಹೊತ್ತಿಗೆ ನಿಟ್ಟುಸಿರಿಟ್ಟು, ಎರಡೂ ಒಂದೇ ಉಸಿರಾಗಿ ಕೇಳಿಸಿ, ಪುರಾಣಿಕನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಗದ್ದಲ ಕೇಳಿ ಯಜಮಾನರು ಗಾಜಿನ ಕೋಣೆಯಿಂದ ಹೊರಬಂದರು. ಎಲ್ಲ ಕೇಳಿ, ನಾಲ್ಕೂ ದನಿ ಆಲಿಸಿ, ಕೋಪದ ಬದಲು ಅವರ ಮುಖದಲ್ಲಿ ದೊಡ್ಡ ಹೊರೆ ಇಳಿಸಿದವನ ಕಳೆ ಬಂತು.

"ನೋಡಿ, ನಾನು ನೇರವಾಗಿ ಹೇಳೋನು. ಯಾರನ್ನ ಕಳಿಸೋದು ಅಂತ ನಂಗೆ ನಿದ್ದೆ ಇಲ್ಲ. ಇವತ್ತು ಆಟದಲ್ಲಿ ದೇವವಧೆ ಇದೆ ಅಲ್ವಾ?"

ಇತ್ತು. ಆಟಗಾರರು ಗುಡಿಗೆ ಹೋಗಿ, ಯಾವ ದೇವರು ಸಾಯಬೇಕೋ ಆ ಮೂರ್ತಿಯ ಕಾಲ ಬಳಿ ಒಂದೊಂದು ಕರಿಕಲ್ಲು ಇಡಬೇಕು. ಸಂಜೆಗೆ ಹೆಚ್ಚು ಕಲ್ಲು ಬಿದ್ದ ದೇವರಿಗೆ ಸಾವು.

"ಯಾವ ದೇವರು ಸಾಯುತ್ತೋ ಆ ದನಿಯವರು ಹೋಗ್ತಾರೆ. ದೇವರು ಸತ್ತಮೇಲೂ ಆ ದನಿ ಆಫೀಸಲ್ಲಿ ಓಡಾಡಿಕೊಂಡಿದ್ರೆ ನಂಗೆ ದೆವ್ವ ನೋಡಿದ ಹಾಗಾಗುತ್ತೆ. ತೀರ್ಮಾನ ಜನರದ್ದು, ನಂದಲ್ಲ. ಪುರಾಣಿಕ, ನೀನು ಯಾವ ದೇವರೂ ಅಲ್ಲ. ಬಚಾವಾದೆ ಬಿಡು."

ಯಜಮಾನರು ಹಗುರವಾಗಿ ಒಳಗೆ ಹೋದರು. ನಾಲ್ಕು ಜೊತೆ ಕಣ್ಣು ಪುರಾಣಿಕನ ಕಡೆ ತಿರುಗಿದವು. ತನ್ನ ತಲೆ ಉಳಿಯಿತೆಂಬ ಸಂತೋಷ ಅವನ ಮುಖದಲ್ಲಿ ಅರಳುವುದಕ್ಕೂ ಅವರು ನೋಡುವುದಕ್ಕೂ ಸರಿಹೋಯಿತು.

ಮೊದಲು ಹಿಡಿದವರು ಲೆಕ್ಕದ ಮಾಮ. ಬಾಗಿಲ ಮೂಲೆಗೆ ಎಳೆದುಕೊಂಡು ಹೋಗಿ, "ನಿನ್ನ ಆ ಜಿಪುಣ ದೇವರಿಗೆ ಎರಡು ಒಳ್ಳೆ ಮಾತು ಸೇರಿಸೋ. ಜನಕ್ಕೆ ಅಯ್ಯೋ ಅನ್ನಿಸಬೇಕು" ಅಂದರು.

"ಏನಂತ ಸೇರಿಸ್ಲಿ ಮಾಮ?"

ಮಾಮ ಕನ್ನಡಕ ತೆಗೆದರು. ಅದನ್ನು ತೆಗೆದರೆ ಅವರ ಮುಖ ಬಾಗಿಲು ಕಿತ್ತ ಮನೆಯ ಹಾಗೆ ಕಾಣುತ್ತಿತ್ತು. "ನಿಮ್ಮತ್ತೆ, ಅದೇ ನನ್ನ ಹೆಂಡ್ತಿ, ಆಸ್ಪತ್ರೇಲಿದ್ದಾಗ ಡಾಕ್ಟ್ರು ಇನ್ನೊಂದು ಇಂಜೆಕ್ಷನ್ ಬರೆದ್ರು. ನಾನು ಇದು ಬೇಕೇ ಬೇಕಾ ಅಂತ ಕೇಳ್ದೆ. ಅವರು ಸ್ವಲ್ಪ ಯೋಚ್ನೆ ಮಾಡಿ, ಬೇಡ ಬಿಡಿ ಅಂದ್ರು. ಆಮೇಲೆ ಆ ಪ್ರಶ್ನೆ ನನ್ನ ಬಾಯಿಂದ ಇಳಿದೇ ಇಲ್ಲ ಕಣೋ. ಮಾತ್ರೆ ತಗೊಳ್ಳುವಾಗಲೂ ನನ್ನನ್ನೇ ಕೇಳ್ಕೋತೀನಿ."

ಪುರಾಣಿಕ ನಗುವುದಕ್ಕೆ ಸಿದ್ಧಮಾಡಿಕೊಂಡಿದ್ದ ತುಟಿಯನ್ನು ಎಲ್ಲಿಡಬೇಕೋ ತಿಳಿಯದೆ ನಿಂತ.

ಚಿತ್ರದ ಅಕ್ಕ ತಾನಾಗಿ ಬರಲಿಲ್ಲ. ಅವನೇ ಹೋದ. "ಅಮ್ಮಂಗೆ ಮುಖ ಮರೀತಿದೆ," ಎಂದಳು ಪರದೆಯಿಂದ ಕಣ್ಣು ತೆಗೆಯದೆ. "ದಿನಾ ಸಂಜೆ ಬಾಗಿಲು ತೆಗೆದು ಯಾರಮ್ಮ ನೀನು ಅಂತಾಳೆ. ದಿನಾ ನನ್ನನ್ನ ಮೊದಲಿಂದ ಬರೀಬೇಕು. ನೀನು ಅದನ್ನ ಕಾಮಿಡಿ ಮಾಡಿದ್ದೀಯ. ಇರ್ಲಿ, ಚೆನ್ನಾಗೇ ಮಾಡಿದ್ದೀಯ."

ಶಬ್ದದವನದು ಬೇರೆ ಥರ. "ಗುರು, ಅಪ್ಪಂಗೆ ಶ್ವಾಸಕೋಶ ಹೋಗಿದೆ. ಉಸಿರು ನಡೀತಿದ್ಯಾ ಅಂತ ಕೇಳಿಸ್ಕೊಳ್ಳೋಕೆ ಮನೇಲಿ ಎಲ್ರೂ ಉಸಿರು ಹಿಡೀಬೇಕು. ನೀನು ನನ್ನನ್ನ ಯಮ ಮಾಡಿಟ್ಟಿದ್ದೀಯ."

ಬಿರುಕಮ್ಮ ಮಾತ್ರ ಹೆಚ್ಚು ಹೇಳಲಿಲ್ಲ. "ಮನೇಲೂ ಬಿರುಕು ಮೊದಲು ಕಂಡಿದ್ದು ನಂಗೇ. ಬಾಯಿಬಿಟ್ಟು ಹೇಳಿದ್ದೇ ತಪ್ಪಾಯ್ತು. ಈಗ ಒಬ್ಳೇ ಇದ್ದೀನಿ. ಇಷ್ಟು ಸಾಕಾ, ಇನ್ನೂ ಬೇಕಾ?"

ಪುರಾಣಿಕ ರೆಕಾರ್ಡಿಂಗ್ ಕೋಣೆ ಹೊಕ್ಕ. ಆಟದ ಗುಡಿಯ ಬಾಗಿಲ ಮೇಲೆ ಕಲ್ಲಿನ ಬಾಯಿಯೊಂದಿದೆ, ಬೂದಿಲೋಕದ ಕತೆಯನ್ನೆಲ್ಲ ಹೇಳುವುದು ಅದೇ. ಹೊಸ ಮಾತನ್ನೆಲ್ಲ ಅದರ ಬಾಯಲ್ಲೇ ಇಟ್ಟ. 'ಮಿತಾಧಿಪ ಒಂದೇ ಒಂದು ಸಲ ಬೇಡ ಎಂದ. ಆ ಜೀವ ಅವನ ಮನೆಯದಾಗಿತ್ತು. ಅಂದಿನಿಂದ ಎಲ್ಲರನ್ನೂ ಕೇಳುತ್ತಾನೆ, ಯಾರನ್ನೂ ತಡೆಯುವುದಿಲ್ಲ.' 'ರೂಪಿಣಿ ಅಳಿಸುವುದು ಲೋಕವನ್ನಲ್ಲ. ಅವಳನ್ನು ಹೆತ್ತ ಇರುಳಿಗೆ ಮಗಳ ಮುಖ ನೆನಪಿಲ್ಲ.' ನಾಲ್ವರ ಸಂಕಟವನ್ನೂ ಎತ್ತಿ ನಾಲ್ಕು ದೇವರಿಗೆ ಹಚ್ಚಿದ. ಹೊರಗೆ ಬಂದಾಗ ಬೇರೆಯವರ ಜೇಬಿಗೆ ಕೈಹಾಕಿ ಬಂದ ಹಾಗೆ ಮೈ ಬೆವೆತಿತ್ತು.

ಮಧ್ಯಾಹ್ನದ ಹೊತ್ತಿಗೆ ಆಟಗಾರರು ಅಳತೊಡಗಿದರು. ಕರಿಕಲ್ಲು ಹಿಡಿದು ಬಂದವರು ಮಿತಾಧಿಪನ ಮುಂದೆ ನಿಂತು ಹಾಗೇ ತಿರುಗಿ ಹೋಗುತ್ತಿದ್ದರು. ಕೇಳುವ ಪಂಗಡ ಮತ್ತು ಕೇಳದ ಪಂಗಡ ರಾಜಿಯಾಗಿ ಒಟ್ಟಿಗೆ ಮೊಣಕಾಲೂರಿದ್ದವು. ಆಫೀಸಿನಲ್ಲಿ ಶಬ್ದದವನು ಪುರಾಣಿಕನ ಭುಜ ತಟ್ಟಿದ. ಲೆಕ್ಕದ ಮಾಮ ಯಾರನ್ನೂ ಕೇಳದೆ ಎಲ್ಲರಿಗೂ ಕಾಫಿ ತರಿಸಿದರು. ಅದು ಕಂಪನಿಯ ಚರಿತ್ರೆಯಲ್ಲೇ ಮೊದಲು. ಪುರಾಣಿಕ ಹೆಂಡತಿಗೆ ಫೋನ್ ಮಾಡಿ, "ನಿಮ್ಮಪ್ಪಂಗೆ ಹೇಳು, ಸೋಫಾ ಪೂರ್ತಿ ಅವರದೇ" ಎಂದ.

"ಏನಾಯ್ತು ನಿಮಗೆ?"

"ಏನೂ ಆಗಿಲ್ಲ. ಅದೇ ಸಂತೋಷ."

ಸಂಜೆಯ ಹೊತ್ತಿಗೆ ಬಿರುಕಮ್ಮ ಪರದೆಗೆ ಮೂಗು ತಾಗಿಸಿ, "ಇಲ್ಲೇನೋ ತಪ್ಪಾಗಿದೆ ಪುರಾಣಿಕ್ರೇ" ಅಂದಳು. "ಕಲ್ಲುಗಳು ತಪ್ಪು ಜಾಗದಲ್ಲಿ ಬೀಳ್ತಿವೆ. ಸರಿಪಡಿಸೋಕೆ ಬರ್ಕೋತೀನಿ."

ತಪ್ಪಾಗಿರಲಿಲ್ಲ. ನಾಲ್ಕು ಮೂರ್ತಿಗಳ ಕಾಲೂ ಬೋಳಾಗಿದ್ದವು. ಕಲ್ಲೆಲ್ಲ ಬೀಳುತ್ತಿದ್ದದ್ದು ಬಾಗಿಲಲ್ಲಿ, ಕಲ್ಲುಬಾಯಿಯ ಕೆಳಗೆ. ಬೂದಿಬಾಬಾ ಟೊಪ್ಪಿಗೆಯೊಳಗಿಂದ ಗುಡುಗುತ್ತಿದ್ದ: "ಅಳುವ ದೇವರನ್ನು ಕೊಲ್ಲುವುದೆಂಥ ನ್ಯಾಯ? ಅಳಿಸುತ್ತಿರುವವನು ಯಾರು? ನಾಲ್ವರ ದುಃಖವನ್ನೂ ಒಂದು ಹನಿ ಕಣ್ಣೀರಿಲ್ಲದೆ, ಸಭೆಯಲ್ಲಿ ಭಾಷಣ ಬಿಗಿದ ಹಾಗೆ ಹೇಳುತ್ತಿರುವ ಆ ಬಾಯಿ ಯಾರದು? ಅವನೇ ಐದನೆಯ ದೇವರು!"

ಪುರಾಣಿಕ ಕೀಬೋರ್ಡ್ ಎಳೆದುಕೊಂಡು, ಬೂದಿಬಾಬಾನ ಮಾತಿನ ಕೆಳಗೆ ತಾನೇ ಬರೆದು ಹಾಕಿದ: 'ಅದು ದೇವರಲ್ಲ, ಬರೀ ಕತೆ ಹೇಳುವ ದನಿ.' ಕೂಡಲೇ ಉತ್ತರ ಬಂತು: 'ಬೂದಿಲೋಕದ ಗಂಧಗಾಳಿ ಇಲ್ಲದವರು ದಯವಿಟ್ಟು ವ್ಯಾಖ್ಯಾನಕ್ಕೆ ಕೈ ಹಾಕಬೇಡಿ.' ಅದಕ್ಕೆ ಸಾವಿರಾರು ಮೆಚ್ಚುಗೆ.

ಕಲ್ಲಿನ ರಾಶಿ ಏರಿ ಏರಿ ಬಾಯಿ ಮುಚ್ಚಿಹೋಯಿತು. ಯಜಮಾನರು ಹೊರಗೆ ಬಂದು ನೋಡಿದರು, ಎದೆ ಮುಟ್ಟಿಕೊಂಡರು.

"ಜನ ಹೇಳಿಯಾಯ್ತು. ನಂಗೆ ಬೇಜಾರಿದೆ ಪುರಾಣಿಕ. ಆದ್ರೆ ಕತೆ ಹೇಳೋನು ನೀನೇ ತಾನೆ?"

ಆಗ ಪುರಾಣಿಕನ ಮುಖದಲ್ಲಿ ಬೆಳಕು ಮೂಡಿತು. ಏಕೆಂದರೆ ಕಲ್ಲುಬಾಯಿಯ ದನಿ ಅವನದಾಗಿರಲಿಲ್ಲ. ನಾಲ್ವರನ್ನು ಮಾಡಿ ಮುಗಿಸಿದ ಮೇಲೆ, ಐದನೆಯದಕ್ಕೆ ಅವನು ಯಜಮಾನರನ್ನೇ ಎತ್ತಿಕೊಂಡಿದ್ದ. ಅದೇ ಮೂಗಿನಲ್ಲಿ ಹೊರಡುವ ಗಾಂಭೀರ್ಯ, ಅದೇ ನಡುನಡುವೆ ಗಂಟಲು ಸರಿಪಡಿಸುವುದು, ಅದೇ ಸತ್ತ ಸುದ್ದಿಯನ್ನೂ ಶುಭಾಶಯದ ಹಾಗೆ ಹೇಳುವುದು.

"ಸಾರ್, ಆ ದನಿ ನಂದಲ್ಲ. ನಿಮ್ಮದು! ನೀವೇ ಮಾಡಿದ ನಿಯಮದ ಪ್ರಕಾರ..." ಆಫೀಸು ಉಸಿರಾಡಲಿಲ್ಲ.

"ನಂದಾ?" ಯಜಮಾನರು ಹುಬ್ಬೇರಿಸಿದರು. "ಹಾಕು, ಕೇಳೋಣ."

ಕಲ್ಲುಬಾಯಿ ಮಾತಾಡಿತು. ಯಜಮಾನರು ತಲೆ ವಾರೆ ಮಾಡಿ ಕೇಳಿದರು. ಮುಖ ಕಿವುಚಿದರು. "ಥೂ, ಇದು ನಾನಾ? ಯಾರೋ ಮೂಗು ಮುಚ್ಕೊಂಡು ಭಾಷಣ ಮಾಡಿದ ಹಾಗಿದೆ. ನನ್ನ ದನಿ ನಂಗೊತ್ತಿಲ್ವಾ? ನೀವೇ ಹೇಳ್ರಪ್ಪ, ಇದು ನಂದಾ?"

ಪುರಾಣಿಕ ನಾಲ್ವರ ಕಡೆ ನೋಡಿದ. ಬೆಳಿಗ್ಗೆ ತಮ್ಮ ತಮ್ಮ ದನಿಯನ್ನು ಒಂದೇ ಕ್ಷಣದಲ್ಲಿ ಗುರುತು ಹಿಡಿದ ಕಿವಿಗಳು ಅವು. ಅವನು ಆ ದಿನವೇ ಕೂತು ಉಳಿಸಿದ ದೇವರುಗಳು ಅವರು.

ಲೆಕ್ಕದ ಮಾಮ ಕನ್ನಡಕ ಒರೆಸತೊಡಗಿದರು. "ಇಲ್ಲ ಸಾರ್. ಇದು ಅವನದೇ."

"ನಿಮ್ಮ ದನಿ ಇನ್ನೂ ಗಟ್ಟಿ ಸಾರ್," ಎಂದ ಶಬ್ದದವನು. "ನಾನು ಇದೇ ಕೆಲಸದವನು ನೋಡಿ."

ಬಿರುಕಮ್ಮನಿಗೆ ಜೀವನದಲ್ಲಿ ಮೊದಲ ಸಲ ಯಾವ ಬಿರುಕೂ ಕಾಣಿಸಲಿಲ್ಲ. ಚಿತ್ರದ ಅಕ್ಕ ಏನೋ ಹೇಳಲು ಬಾಯಿ ತೆರೆದಳು, ಗೋಡೆಯ ಗಡಿಯಾರ ನೋಡಿದಳು. ಅಮ್ಮ ಬಾಗಿಲು ತೆಗೆಯುವ ಹೊತ್ತು. ಬಾಯಿ ಮುಚ್ಚಿದಳು.

ಪುರಾಣಿಕ ಯಾರನ್ನೂ ದೂರಲಿಲ್ಲ. ಅವರ ಮನೆಯ ಒಳಗಿನದೆಲ್ಲ ಅವನಿಗೇ ಚೆನ್ನಾಗಿ ಗೊತ್ತಿತ್ತು. ಬರೆದದ್ದು ಅವನೇ ಅಲ್ಲವೇ.

"ಹೋಗ್ಲಿ ಬಿಡು," ಎಂದು ಯಜಮಾನರು ಅವನ ಹೆಗಲ ಮೇಲೆ ಕೈ ಹಾಕಿದರು. "ನಿನ್ನ ಮೇಲೆ ಕೋಪ ಇಲ್ಲ. ಹೋಗೋ ಮುಂಚೆ ಒಂದು ಸಣ್ಣ ಕೆಲಸ. ಕಲ್ಲುಬಾಯಿ ಸಾಯೋದನ್ನ ರೆಕಾರ್ಡ್ ಮಾಡಿಕೊಟ್ಟು ಹೋಗು. ಬೇರೆಯವರು ಮಾಡಿದ್ರೆ ಜನ ಒಪ್ಪಲ್ಲ."

ಪುರಾಣಿಕ ಕೋಣೆಗೆ ಹೋಗಿ ಮೈಕಿನ ಮುಂದೆ ನಿಂತ. ಗಾಜಿನ ಆಚೆ ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. ಅವರ ಕಣ್ಣೆದುರಿಗೇ, ಅವರದೇ ದನಿಯಲ್ಲಿ ಪುರಾಣಿಕ ಗಂಟಲು ಸರಿಪಡಿಸಿಕೊಂಡ, ತಡವರಿಸಿದ, ಕೆಮ್ಮಿದ, ಒಂದು ದೀರ್ಘ ಉಸಿರೆಳೆದು ಸತ್ತ. ಯಜಮಾನರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು.

ಹೆಡ್‌ಫೋನಿನೊಳಗೆ ಶಬ್ದದವನ ಪಿಸುದನಿ ಬಂತು, ಪುರಾಣಿಕನೊಬ್ಬನಿಗೇ ಕೇಳುವ ಹಾಗೆ:

"ಗುರು, ಚೆನ್ನಾಗಿದೆ. ಆದ್ರೆ ಇನ್ನೊಂದ್ಸಲ ಮಾಡೋಣ. ಯಜಮಾನ್ರು ಇಷ್ಟು ಬೇಗ ಸಾಯೋರಲ್ಲ. ಮೊದಲು 'ನಾವೆಲ್ಲ ಒಂದೇ ಕುಟುಂಬ' ಅಂತಾರೆ."